ಜಾಮಿಗೆಂದು ಕೊಟ್ಟ ಸಕ್ಕರೆ

ಪ್ಲಮ್ ಗಿಡಕ್ಕೆ ರೇಡಿಯೋ ಕೇಳುವ ಅಭ್ಯಾಸವಿಲ್ಲ. 1939ರ ಸೆಪ್ಟೆಂಬರ್ 3ರ ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲು ಗಂಟೆಗೆ ಪ್ರಧಾನಿ ಚೇಂಬರ್ಲಿನ್, ಜರ್ಮನಿಯೊಡನೆ ಯುದ್ಧ ಶುರುವಾಯಿತೆಂದು ಬ್ರಿಟನ್ನಿನ ಜನಕ್ಕೆ ತಿಳಿಸುತ್ತಿದ್ದಾಗ, ಅಲ್ಲಿನ ಹಳ್ಳಿಗಳ ಹಿತ್ತಿಲುಗಳಲ್ಲಿ ಪ್ಲಮ್ ಗಿಡಗಳು ಮೈತುಂಬ ಹಣ್ಣು ಹೊತ್ತು ನಿಂತಿದ್ದವು. ಆ ವರ್ಷ ಫಸಲು ಬೇರೆ ಭರ್ಜರಿ. ಮನೆಯ ಹೆಂಗಸರಿಗೆ ಕೈತುಂಬ ಕೆಲಸ. ಕಿಟಕಿಗೆ ಕರಿಬಟ್ಟೆ ಹೊಲಿಯಬೇಕು, ವಿಷಾನಿಲದ ಮುಖವಾಡ ಕಟ್ಟಿಕೊಳ್ಳುವುದನ್ನು ಕಲಿಯಬೇಕು, ಪೇಟೆಯಿಂದ ರೈಲಿನಲ್ಲಿ ತುಂಬಿ ಕಳಿಸಿದ ಯಾರದೋ ಮಕ್ಕಳಿಗೆ ಹಾಸಿಗೆ ಹಾಸಬೇಕು. ಇಷ್ಟರ ನಡುವೆ ಹಿತ್ತಿಲಿಗೆ ಹೋಗಿ ನೋಡಿದರೆ ಹಣ್ಣು ತಪತಪನೆ ಉದುರುತ್ತಿದೆ. ಹಿಟ್ಲರನನ್ನು ಬೇಕಾದರೆ ದಂಡು ನೋಡಿಕೊಂಡೀತು, ಈ ಹಣ್ಣನ್ನು ಯಾರು ನೋಡಿಕೊಳ್ಳಬೇಕು?

ಹಣ್ಣಿನ ಗಿಡ ಇರುವ ಯಾವ ಮನೆಯವರಿಗೂ ಈ ಸಂಕಟ ಗೊತ್ತು. ಹನ್ನೊಂದು ತಿಂಗಳು ಎಲೆ ಉದುರಿಸಿ ಅಂಗಳ ಗುಡಿಸುವ ಕೆಲಸವೊಂದನ್ನೇ ಕೊಡುವ ಮರ, ಹನ್ನೆರಡನೆಯ ತಿಂಗಳಲ್ಲಿ ಇದ್ದಕ್ಕಿದ್ದಂತೆ ಉದಾರಿಯಾಗಿಬಿಡುತ್ತದೆ. ಮೊದಲ ದಿನ ತಿನ್ನುತ್ತೇವೆ, ಎರಡನೆಯ ದಿನ ನೆಂಟರಿಗೆ ಹಂಚುತ್ತೇವೆ, ಮೂರನೆಯ ದಿನ ಬುಟ್ಟಿ ಹಿಡಿದು ಬಂದವರನ್ನು ಕಂಡು ನೆರೆಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮ ಕರಾವಳಿಯವರು ಹಲಸಿನ ಹಣ್ಣಿನ ಈ ದಾಳಿಗೆ ಪೆರಟಿ ಎಂಬ ಉತ್ತರ ಕಂಡುಕೊಂಡರು. ಬೆಲ್ಲ ಹಾಕಿ ಕಾಯಿಸಿ ಕಾಯಿಸಿ ಭರಣಿಗೆ ತುಂಬಿದರೆ ಮುಂದಿನ ಹಲಸಿನ ಕಾಲದವರೆಗೂ ಪಾಯಸದ ಚಿಂತೆಯಿಲ್ಲ. ಉತ್ತರ ಕರ್ನಾಟಕದವರು ಮಾವಿನಕಾಯಿಗೆ ಗುಳಂಬ ಮಾಡಿದರು. ಇಂಗ್ಲಿಷರ ಉತ್ತರ ಜಾಮ್. ಪೆರಟಿಗೆ ಬೆಲ್ಲವಾದರೂ ಊರ ಆಲೆಮನೆಯಲ್ಲಿ ಸಿಗುತ್ತದೆ. ಜಾಮಿಗೆ ಬೇಕಾದ ಸಕ್ಕರೆಯಲ್ಲಿ ಮುಕ್ಕಾಲುಪಾಲು ಸಮುದ್ರ ದಾಟಿ ಬರಬೇಕಿತ್ತು. ಆ ಸಮುದ್ರದ ತಳದಲ್ಲಿ ಈಗ ಜರ್ಮನಿಯ ಸಬ್‌ಮರೀನುಗಳು ಹೊಂಚುಹಾಕಿ ಕೂತಿದ್ದವು.

ಆಗ ಮುಂದೆ ಬಂದದ್ದು ವಿಮೆನ್ಸ್ ಇನ್‌ಸ್ಟಿಟ್ಯೂಟ್, ಅಂದರೆ ಹಳ್ಳಿ ಹೆಂಗಸರ ಸಂಘ. ಈ ಸಂಘದ ಬೇರು ಇಂಗ್ಲೆಂಡಿನದಲ್ಲ. 1897ರಲ್ಲಿ ಕೆನಡಾದ ಸ್ಟೋನಿ ಕ್ರೀಕ್ ಎಂಬಲ್ಲಿ ಮೊಳೆತದ್ದು. ಬ್ರಿಟನ್ನಿನಲ್ಲಿ ಅದರ ಮೊದಲ ಶಾಖೆ ತೆರೆದದ್ದು 1915ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಆಹಾರ ಬೆಳೆಯುವುದಕ್ಕೆ ಹೆಂಗಸರನ್ನು ಒಗ್ಗೂಡಿಸಲೆಂದು. ಶಾಖೆ ಇದ್ದದ್ದು ವೇಲ್ಸ್‌ನ ಲ್ಯಾನ್‌ವೈರ್‌ಪುಲ್ ಎಂಬ ಊರಿನಲ್ಲಿ. ಆ ಊರಿನ ಪೂರ್ತಿ ಹೆಸರು ಇಂಗ್ಲಿಷಿನಲ್ಲಿ ಬರೆದರೆ 58 ಅಕ್ಷರ. ಕಾಗದಕ್ಕೂ ರೇಷನ್ ಇದ್ದ ಕಾಲದ ಸುದ್ದಿ ಹೇಳುತ್ತಿರುವುದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ. ಸಂಘದ ಪ್ರಧಾನ ಕಾರ್ಯದರ್ಶಿ ಫ್ರಾನ್ಸಿಸ್ ಫ್ಯಾರರ್ ಎಂಬಾಕೆ 1939ರ ಆ ಶರತ್ಕಾಲದಲ್ಲಿ ಸರ್ಕಾರದ ಬೆನ್ನುಬಿದ್ದು ಜಾಮಿಗೆಂದೇ 430 ಟನ್ ಸಕ್ಕರೆ ಬಿಡಿಸಿಕೊಂಡು ಬಂದರು. ಯುದ್ಧ ಶುರುವಾಗಿ ಇನ್ನೂ ಕೆಲವೇ ವಾರ. ಫಿರಂಗಿ, ವಿಮಾನ, ಪೆಟ್ರೋಲು ಎಂದು ತಲೆಕೆಡಿಸಿಕೊಂಡಿದ್ದ ಅಧಿಕಾರಿಗಳ ಮುಂದೆ ನಿಂತು ‘ಸ್ವಾಮಿ, ಪ್ಲಮ್ ಕೊಳೆಯುತ್ತಿದೆ’ ಎಂದು ಹೇಳುವುದಕ್ಕೆ ಎಂಥ ಧೈರ್ಯ ಬೇಕೆಂದು ಯಾವುದಾದರೂ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತು ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಕ್ಕರೆಯ ವಿಷಯದಲ್ಲಿ ಬ್ರಿಟಿಷರಿಗೆ ಒಮ್ಮೆ ಬುದ್ಧಿ ಬಂದಿತ್ತು. 1914ಕ್ಕೆ ಮುಂಚೆ ಅವರು ಚಹಾಕ್ಕೆ ಹಾಕಿಕೊಳ್ಳುತ್ತಿದ್ದ ಸಕ್ಕರೆಯ ದೊಡ್ಡ ಪಾಲು ಬರುತ್ತಿದ್ದದ್ದು ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿಯ ಬೀಟ್‌ಗೆಡ್ಡೆಯಿಂದ. ಯಾರ ಮೇಲೆ ಯುದ್ಧ ಸಾರಿದರೋ ಅವರೇ ಸಕ್ಕರೆ ಅಂಗಡಿಯವರು! ಯುದ್ಧ ಘೋಷಿಸಿದ ತಿಂಗಳೇ ಸರ್ಕಾರ ಸಕ್ಕರೆಗೊಂದು ರಾಯಲ್ ಕಮಿಷನ್ ನೇಮಿಸಬೇಕಾಯಿತು. ಆ ಯುದ್ಧ ಮುಗಿದ ಮೇಲೆ ತಾವೇ ಬೀಟ್ ಬೆಳೆದು ಕಾರ್ಖಾನೆ ಕಟ್ಟಿಕೊಂಡರು. ಆದರೂ ಆ ದೇಶದ ಸಿಹಿನಾಲಗೆಗೆ ಅದು ಏತಕ್ಕೂ ಸಾಲದು. ವೆಸ್ಟ್ ಇಂಡೀಸ್, ಮಾರಿಷಸ್, ಆಸ್ಟ್ರೇಲಿಯಾಗಳ ಕಬ್ಬಿನ ಸಕ್ಕರೆ ಹಡಗಿನಲ್ಲಿ ಬರುತ್ತಲೇ ಇರಬೇಕು. ಹಾಗಾಗಿ 1940ರ ಜನವರಿ 8ರಂದು ಎರಡನೆಯ ಯುದ್ಧದ ಪಡಿತರ ಶುರುವಾದಾಗ ಮೊದಲ ದಿನದ ಪಟ್ಟಿಯಲ್ಲಿದ್ದದ್ದು ಮೂರೇ: ಹಂದಿಮಾಂಸದ ಬೇಕನ್, ಬೆಣ್ಣೆ, ಸಕ್ಕರೆ. ಸಕ್ಕರೆ ಮೊದಲಿಗೆ ತಲೆಗೆ ವಾರಕ್ಕೆ 12 ಔನ್ಸ್ ಇತ್ತು. ಅದೇ ವರ್ಷದ ಮೇ ತಿಂಗಳಲ್ಲಿ 8 ಔನ್ಸಿಗೆ ಇಳಿಯಿತು.

ಎಂಟು ಔನ್ಸ್ ಎಂದರೆ ನಮ್ಮ ಲೆಕ್ಕದಲ್ಲಿ 227 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಅಷ್ಟನ್ನು ತೂಗಿ ಬಟ್ಟಲಿಗೆ ಸುರಿದು ನೋಡಿದ್ದೇನೆ. ನೋಡಿದರೆ ತೀರಾ ಕಡಿಮೆ ಅನ್ನಿಸುವುದಿಲ್ಲ, ಒಬ್ಬರಿಗೆ ಸಾಕಲ್ಲವೇ ಅನ್ನಿಸುತ್ತದೆ. ಏಳು ದಿನಕ್ಕೆ ಪಾಲು ಮಾಡಿದಾಗಲೇ ಅಸಲು ಸಂಗತಿ ತಿಳಿಯುವುದು: ದಿನಕ್ಕೆ ಎಂಟು ಟೀ ಚಮಚ. ಅದರಲ್ಲಿ ಬೆಳಗಿನದು, ಹನ್ನೊಂದರದು, ನಾಲ್ಕರದು, ರಾತ್ರಿಯದು ಎಂದು ಚಹಾ, ಮಕ್ಕಳ ಗಂಜಿ, ಭಾನುವಾರದ ಕೇಕು, ನೆಂಟರು ಬಂದರೆ ಅವರ ಕಪ್ಪು. (ನೆಂಟರು ತಮ್ಮ ಸಕ್ಕರೆಯನ್ನು ಪೊಟ್ಟಣದಲ್ಲಿ ಕಟ್ಟಿಕೊಂಡೇ ಬರುವ ಪದ್ಧತಿ ಅಲ್ಲಿ ಬೆಳೆಯಿತು. ನಮ್ಮಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಎರಡು ಮನೆಗಳ ನಡುವೆ ಮೂರು ತಲೆಮಾರು ಮಾತುಕತೆ ಇರುತ್ತಿರಲಿಲ್ಲ.) ಎಷ್ಟೋ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಕೊಟ್ಟು ಮೇಲೆ ಹೆಸರು ಅಂಟಿಸಿಡುತ್ತಿದ್ದರು. ಅಪ್ಪನ ಡಬ್ಬಿ ಗುರುವಾರಕ್ಕೇ ಖಾಲಿ; ಅಜ್ಜಿಯದು ಶನಿವಾರದವರೆಗೂ ಅರ್ಧ ತುಂಬಿರುತ್ತಿತ್ತು ಎಂದು ನನ್ನ ಊಹೆ. ಅಜ್ಜಿಯರ ಡಬ್ಬಿ ಲೋಕದಲ್ಲೆಲ್ಲ ಹಾಗೇ.

ಈಗ ಜಾಮಿನ ಕಥೆಗೆ ಬರೋಣ. ಹಿತ್ತಿಲಿನಲ್ಲಿ ಹಣ್ಣಿದೆ, ಒಲೆಯಿದೆ, ಮಾಡಲು ಗೊತ್ತಿದೆ, ಇಲ್ಲದ್ದು ಸಕ್ಕರೆ. ಹಣ್ಣು ಕೊಳೆತರೆ ದೇಶಕ್ಕೇ ನಷ್ಟ. ಆದ್ದರಿಂದ ಹಣ್ಣಿನ ಗಿಡ ಇರುವವರಿಗೆ ಜಾಮಿಗೆಂದು ಹೆಚ್ಚುವರಿ ಸಕ್ಕರೆ ಕೊಡುವುದು ನ್ಯಾಯ. ಇಷ್ಟರವರೆಗೆ ಯಾವ ತಕರಾರೂ ಇಲ್ಲ. ಆದರೆ ಸಕ್ಕರೆಯಲ್ಲಿ ಜಾಮಿನ ಸಕ್ಕರೆ, ಚಹಾದ ಸಕ್ಕರೆ ಎಂದು ಜಾತಿ ಇಲ್ಲವಲ್ಲ! ಕಚೇರಿಯಿಂದ ಮನೆಗೆ ಬಂದ ಮೇಲೆ ಅದು ಎತ್ತ ಹೋಗುತ್ತದೆಂದು ಯಾರು ಕಂಡವರು? ರೇಷನ್ ಪುಸ್ತಕಕ್ಕೆ ಮುದ್ರೆ ಹಾಕಬಹುದು, ಚಮಚಕ್ಕೆ ಹಾಕಲಾದೀತೇ? ಆಹಾರ ಮಂತ್ರಿ ಲಾರ್ಡ್ ವೂಲ್ಟನ್ ಹಿಂದೆ ದೊಡ್ಡ ಅಂಗಡಿಗಳ ವ್ಯವಹಾರ ನೋಡಿಕೊಂಡಿದ್ದವರು, ಗಿರಾಕಿಗಳ ಸ್ವಭಾವ ಬಲ್ಲವರು. ಅವರ ಖಾತೆಯವರಿಗೆ ಹಣ್ಣು ಕೊಳೆಯುವ ಭಯ ಒಂದು ಕಡೆ, ಜಾಮಿನ ಹೆಸರಿನಲ್ಲಿ ಊರೆಲ್ಲ ಸಿಹಿ ಚಹಾ ಕುಡಿದೀತೆಂಬ ಭಯ ಇನ್ನೊಂದು ಕಡೆ. ಯುದ್ಧದ ಉದ್ದಕ್ಕೂ ನಿಯಮಗಳು ಈ ಎರಡು ಭಯಗಳ ನಡುವೆ ಜೋಕಾಲಿ ಆಡಿದವು. ಒಂದು ವರ್ಷ ಗಿಡ ಇದ್ದವರಿಗೆ ಕೊಡುವುದು, ಮುಂದಿನ ವರ್ಷ ಮನೆಗೆ ಬೇಡ, ಹೆಂಗಸರ ಸಂಘ ನಡೆಸುವ ಜಾಮ್ ಕೇಂದ್ರಗಳಿಗೇ ಸರಿ ಅನ್ನುವುದು, ಆಮೇಲೆ ಬೇಸಿಗೆಯಲ್ಲಿ ಗಿಡ ಇದ್ದವರು ಇಲ್ಲದವರು ಎನ್ನದೆ ಎಲ್ಲರ ಪುಸ್ತಕಕ್ಕೂ ಒಂದಿಷ್ಟು ಸೇರಿಸಿಬಿಡುವುದು. ಬೇಕಿದ್ದರೆ ಜಾಮಿನ ರೇಷನ್ನಿನ ಬದಲು ಸಕ್ಕರೆಯನ್ನೇ ತೆಗೆದುಕೊಳ್ಳಿ ಅನ್ನುವುದು. ಕೊನೆಯದು ಬುದ್ಧಿವಂತರ ಉಪಾಯ. ಜಾಮಾದರೂ ಮಾಡಿಕೊಳ್ಳಿ, ಚಹಾವನ್ನಾದರೂ ಕುಡಿಯಿರಿ, ನಮ್ಮನ್ನು ಕೇಳಬೇಡಿ ಎಂದ ಹಾಗೆ. ಜೇನು ಸಾಕುವವರಿಗೂ ಹುಳುಗಳ ಚಳಿಗಾಲದ ಆಹಾರಕ್ಕೆಂದು ಸಕ್ಕರೆ ಕೊಡುತ್ತಿದ್ದರು. ಆ ಸಕ್ಕರೆ ಅಷ್ಟೂ ಹುಳುಗಳಿಗೇ ಮುಟ್ಟಿತೇ ಎಂದು ಹುಳುಗಳನ್ನೇ ಕೇಳಬೇಕು.

ಈ ಅನುಮಾನದ ಆಟ ನಮಗೇನೂ ಹೊಸದಲ್ಲ. ರೇಷನ್ ಕಾರ್ಡಿಗೆ ಲೆವಿ ಸಕ್ಕರೆ ಕೊಡುತ್ತಿದ್ದ ಕಾಲ ನೆನಪಿರುವವರಿಗೆ ಮದುವೆಯ ಪರ್ಮಿಟ್ಟೂ ನೆನಪಿರುತ್ತದೆ. ಮನೆಯಲ್ಲಿ ಮದುವೆ ಎಂದರೆ ಲಗ್ನಪತ್ರಿಕೆ ಹಿಡಿದು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಬೇಕು; ಅವರು ಬರೆದುಕೊಟ್ಟ ಚೀಟಿ ತೋರಿಸಿದರೆ ಸೊಸೈಟಿಯಲ್ಲಿ ಮಾಮೂಲಿಗಿಂತ ಹೆಚ್ಚು ಸಕ್ಕರೆ. ಮೊದಲ ಪತ್ರಿಕೆ ದೇವರ ಮುಂದೆ, ಎರಡನೆಯದು ಆಹಾರ ಶಾಖೆಯ ಗುಮಾಸ್ತರ ಮುಂದೆ. ನನ್ನ ಸೋದರಮಾವ ಮಗಳ ಮದುವೆಗೆ ಹೀಗೆ ಹೋಗಿ ನಿಂತದ್ದನ್ನು ಮನೆಯಲ್ಲಿ ಎಲ್ಲರೂ ಅಭಿನಯಿಸಿ ತೋರಿಸುತ್ತಿದ್ದರು.

“ಎಷ್ಟು ಜನ ಸೇರ್ತಾರೆ ಯಜಮಾನ್ರೇ?”

“ಒಂದು ಸಾವಿರ ಅಂತ ಬರ್ಕೊಳ್ಳಿ ಸ್ವಾಮಿ.”

“ನಿಮ್ಮೂರಲ್ಲಿ ಇರೋದೇ ನಾನೂರು ಜನ ಅಲ್ವೇನ್ರೀ?”

“ಹೌದು ಸ್ವಾಮಿ. ಲಾಡು ಅಂದ್ರೆ ಒಬ್ಬೊಬ್ಬರೂ ಎರಡು ಪಂಕ್ತಿ ಕೂತ್ಕೊಳ್ಳೋ ಜನ.”

ಗುಮಾಸ್ತರು ನಕ್ಕರಂತೆ, ಆದರೆ ಸಾವಿರ ಬರೆಯಲಿಲ್ಲವಂತೆ. ಮದುವೆ ಕಳೆದ ಮೇಲೂ ಮನೆಯಲ್ಲಿ ವಾರಗಟ್ಟಲೆ ಕಾಫಿ ಸಿಹಿಯಾಗಿಯೇ ಇದ್ದದ್ದರಿಂದ ಬರೆದ ಸಂಖ್ಯೆಯೂ ತೀರಾ ಕಡಿಮೆ ಇರಲಿಲ್ಲವೆಂದು ತೋರುತ್ತದೆ. ಅಲ್ಲಿ ಪ್ಲಮ್ ಗಿಡ, ಇಲ್ಲಿ ಲಗ್ನಪತ್ರಿಕೆ. ಸಾಕ್ಷಿ ಬೇರೆ, ಸಕ್ಕರೆ ಒಂದೇ.

ಜಾಮಿನ ನೆಪ ಹೇಳಿ ಕೋರ್ಟು ಹತ್ತಿದವರೂ ಇದ್ದಾರೆ. ಅವರಲ್ಲಿ ಎಲ್ಲರಿಗಿಂತ ಹೆಸರಾದವರು ಮೊದಲ ಯುದ್ಧದ ಕಾಲದ ಕಾದಂಬರಿಗಾರ್ತಿ ಮೇರಿ ಕೊರೆಲ್ಲಿ. ಇವತ್ತು ಅವರನ್ನು ಓದುವವರಿಲ್ಲ; ನೂರು ವರ್ಷದ ಹಿಂದೆ ಭಾರತದಲ್ಲಿ ಇಂಗ್ಲಿಷ್ ಕಲಿತವರು ಬಾಡಿಗೆ ಪುಸ್ತಕಾಲಯಗಳಲ್ಲಿ ಆಕೆಯ ಪುಸ್ತಕಗಳಿಗೆ ಮುಗಿಬೀಳುತ್ತಿದ್ದರು. ಆಕೆ ಇದ್ದದ್ದು ಶೇಕ್ಸ್‌ಪಿಯರನ ಊರು ಸ್ಟ್ರಾಟ್‌ಫರ್ಡ್‌ನಲ್ಲಿ, ಮೇಸನ್ ಕ್ರಾಫ್ಟ್ ಎಂಬ ದೊಡ್ಡ ಮನೆಯಲ್ಲಿ. ಏವನ್ ನದಿಯಲ್ಲಿ ವಿಹರಿಸಲು ವೆನಿಸ್ಸಿನಿಂದ ಗೊಂಡೋಲಾ ದೋಣಿಯನ್ನೇ ತರಿಸಿಕೊಂಡಿದ್ದ ಮಹಾತಾಯಿ. ಆಕೆಗೆ ಎಂಟು ಔನ್ಸಿನ ಲೆಕ್ಕ ಹಿಡಿಸುತ್ತದೆಯೇ? 1918ರ ಜನವರಿಯಲ್ಲಿ, ಮೊದಲ ಯುದ್ಧದ ಸಕ್ಕರೆ ರೇಷನ್ ಶುರುವಾದ ಆ ವಾರದಲ್ಲೇ, ಅಳತೆ ಮೀರಿ ಆಹಾರ ಕೂಡಿಟ್ಟಿದ್ದಕ್ಕೆ ಸ್ಥಳೀಯ ನ್ಯಾಯಾಲಯ ಆಕೆಗೆ 50 ಪೌಂಡ್ ದಂಡ ಹಾಕಿತು. ಸಕ್ಕರೆ ಜಾಮಿಗೆ, ತೋಟದ ಹಣ್ಣು ಹಾಳಾಗಬಾರದೆಂದು ತರಿಸಿದ್ದು ಎಂಬುದು ಆಕೆಯ ವಾದ. ವಿಚಾರಣೆಗೆ ಬಂದ ಪೊಲೀಸಿನವನಿಗೆ, ನಿಮ್ಮ ಈ ಆಹಾರದ ಕಾಯಿದೆಗಳಿಂದ ಸರ್ಕಾರವೇ ಉರುಳಿಹೋಗುತ್ತದೆ, ದೇಶದಲ್ಲಿ ಕ್ರಾಂತಿಯಾಗುತ್ತದೆ ಎಂದು ಗದರಿಸಿ ಕಳಿಸಿದ್ದರು. ಆಕೆ ಹೇಳಿದ್ದರಲ್ಲಿ ಅರ್ಧ ನಿಜವಿತ್ತೆಂದೇ ನನ್ನ ನಂಬಿಕೆ. ತೋಟವಿತ್ತು, ಹಣ್ಣಿತ್ತು, ಜಾಮೂ ಆಗಿತ್ತು. ಕೂಡಿಡುವವರು ಪೂರ್ತಿ ಸುಳ್ಳು ಹೇಳುವುದು ಅಪರೂಪ.

ಅಷ್ಟಕ್ಕೂ ಜಾಮಿಗೆ ಅಷ್ಟೊಂದು ಸಕ್ಕರೆ ಏಕೆ ಬೇಕು, ಸ್ವಲ್ಪ ಕಡಿಮೆ ಹಾಕಿದರೆ ಪ್ರಾಣ ಹೋಗುತ್ತದೆಯೇ ಎಂದು ಕೇಳಬಹುದು. ಹೋಗುತ್ತದೆ, ಜಾಮಿನ ಪ್ರಾಣ. ಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟಿನ ಪದಾರ್ಥವಿದೆ. ಹುಳಿ ಇದ್ದು, ಜೊತೆಗೆ ನೀರನ್ನು ಹಿಡಿದಿಟ್ಟುಕೊಳ್ಳುವಷ್ಟು ಸಕ್ಕರೆಯೂ ಇದ್ದರೆ ಮಾತ್ರ ಆ ಪೆಕ್ಟಿನ್ ಬಲೆ ನೇಯ್ದುಕೊಂಡು ಗಟ್ಟಿಯಾಗುತ್ತದೆ. ಸಕ್ಕರೆ ಕಡಿಮೆಯಾದರೆ ಅದು ಸಾರು. ಅದಕ್ಕಿಂತ ಮುಖ್ಯವಾದದ್ದು ಬೂಸಲು. ನೂರು ಪಾಲು ಜಾಮಿನಲ್ಲಿ ಅರವತ್ತು ಪಾಲು ಸಕ್ಕರೆ ಇದ್ದರೆ ಬೂಸಲಿಗೆ ಬದುಕಲು ಬೇಕಾದ ನೀರು ಸಿಕ್ಕದು. ಶೀಸೆ ವರ್ಷ ಕೂತರೂ ಕೆಡದು. ಮಾಡುವ ಕ್ರಮವೂ ಕಟ್ಟುನಿಟ್ಟು. ಮೊದಲು ಹಣ್ಣನ್ನು ಹದವಾದ ಉರಿಯಲ್ಲಿ ಸಿಪ್ಪೆ ಮೆತ್ತಗಾಗುವ ತನಕ ಬೇಯಿಸಬೇಕು. ಆತುರಬಿದ್ದು ಮೊದಲೇ ಸಕ್ಕರೆ ಸುರಿದರೆ ಸಿಪ್ಪೆ ಚರ್ಮವಾಗಿಬಿಡುತ್ತದೆ. ಆಮೇಲೆ ಸಕ್ಕರೆ ಹಾಕಿ, ಕರಗಿದ ಮೇಲೆ ಉರಿ ಜೋರು ಮಾಡಿ ಕೊತಕೊತನೆ ಕುದಿಸಬೇಕು. ಹದ ನೋಡುವುದಕ್ಕೆ ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು, ಒಂದು ನಿಮಿಷ ತಡೆದು, ಬೆರಳಿನಿಂದ ಮೆಲ್ಲಗೆ ತಳ್ಳುತ್ತಾರೆ. ಮೇಲೆ ಸುಕ್ಕು ಮೂಡಿದರೆ ಇಳಿಸಬಹುದು; ಹರಿದರೆ ಇನ್ನೂ ಕುದಿಯಬೇಕು. ಒಂದೆಳೆ ಪಾಕ, ಎರಡೆಳೆ ಪಾಕ ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡುವ ನಮ್ಮ ಅಡುಗೆಯವರಿಗೆ ಆ ತಟ್ಟೆ ಕೊಟ್ಟರೆ ಎರಡನೆಯ ಮಾತಿಲ್ಲದೆ ಕೆಲಸ ಶುರುಮಾಡುತ್ತಾರೆ.

ಈ ಅರವತ್ತು ಪಾಲಿನ ಸೂತ್ರದಲ್ಲಿ ಸರ್ಕಾರಕ್ಕೆ ದೊಡ್ಡದೊಂದು ಅನುಕೂಲ ಸಿಕ್ಕಿತು. ಮೂರು ಪೌಂಡು ಸಕ್ಕರೆ ಕೊಟ್ಟರೆ ಐದು ಪೌಂಡು ಜಾಮ್ ಬರಲೇಬೇಕು. ಹಣ್ಣಿನ ಲೆಕ್ಕ ಯಾರಿಗೂ ಬೇಡ, ಗಿಡ ಎಣಿಸುವುದೂ ಬೇಡ. ಸಕ್ಕರೆ ತೂಗಿ ಕೊಡುವುದು, ಜಾಮ್ ತೂಗಿ ತೆಗೆದುಕೊಳ್ಳುವುದು. ನಡುವೆ ವ್ಯತ್ಯಾಸ ಬಂದರೆ ಯಾರೋ ಚಹಾ ಕುಡಿದಿದ್ದಾರೆಂದೇ ಅರ್ಥ. ಆದರೆ ಈ ಲೆಕ್ಕ ಮನೆಮನೆಯ ಒಲೆಯ ಮುಂದೆ ನಡೆಯುವುದಿಲ್ಲ, ಎಲ್ಲರೂ ಒಂದೇ ಕಡೆ ಕೂತು ಮಾಡಿದರೆ ನಡೆಯುತ್ತದೆ. ಹಾಗೆ ಹುಟ್ಟಿದ್ದು ಹೆಂಗಸರ ಸಂಘದ ಹಣ್ಣು ಸಂಸ್ಕರಣ ಕೇಂದ್ರಗಳು. ಹಳ್ಳಿಯ ಸಭಾಭವನ, ಶಾಲೆಯ ಅಡುಗೆಮನೆ, ಯಾವುದೋ ಜಮೀನುದಾರರ ಕೊಟ್ಟಿಗೆ, ಎಲ್ಲಿ ಒಲೆ ಹೂಡಲು ಬರುತ್ತದೋ ಅಲ್ಲಿ ಒಂದು ಕೇಂದ್ರ. ಅಮೆರಿಕದಿಂದ ಡಿಕ್ಸಿ ಎಂಬ ಕೈಯಂತ್ರಗಳು ಬಂದವು. ಹಿಡಿ ತಿರುಗಿಸಿದರೆ ತಗಡಿನ ಡಬ್ಬಿಗೆ ಮುಚ್ಚಳ ಬಿಗಿಯುತ್ತಿತ್ತು. 1940ರ ಬೇಸಿಗೆಯಲ್ಲಿ ಕೆಂಟ್ ಪ್ರಾಂತದ ಆಕಾಶದಲ್ಲಿ ಎರಡೂ ಕಡೆಯ ವಿಮಾನಗಳು ಒಂದನ್ನೊಂದು ಅಟ್ಟಾಡಿಸಿ ಸುಡುತ್ತಿದ್ದಾಗ, ಕೆಳಗೆ ಅದೇ ಕೆಂಟ್‌ನ ಹೆಂಗಸರು ತಟ್ಟೆಯ ಮೇಲೆ ತೊಟ್ಟು ಬಿಟ್ಟು ಸುಕ್ಕು ನೋಡುತ್ತಿದ್ದರು. ಸೈರನ್ ಕೂಗಿದ ಕೂಡಲೇ ಒಲೆಯಿಂದ ಇಳಿಸಬಹುದಾದ ಪದಾರ್ಥವಲ್ಲ ಅದು. 1940ರಿಂದ 1945ರವರೆಗೆ ಈ ಕೇಂದ್ರಗಳಲ್ಲಿ ಕೆಡದಂತೆ ಉಳಿಸಿದ ಹಣ್ಣು 5,300 ಟನ್.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಆ ಹೆಂಗಸರು ಸಂತೋಷದಿಂದ ಹಾಡಿಕೊಂಡು ಜಾಮ್ ಕಾಯಿಸುತ್ತಿದ್ದರೆಂದು ಬರೆದರೆ ಅವರಿಗೆ ಅನ್ಯಾಯ ಮಾಡಿದಂತೆ. 1941ರ ಮಾರ್ಚಿನಿಂದ ಜಾಮಿಗೂ ರೇಷನ್ ಬಂತು, ಮೊದಲು ತಿಂಗಳಿಗೆ 8 ಔನ್ಸ್. ಆಮೇಲೆ ಕೇಂದ್ರದ ಜಾಮೆಲ್ಲ ಅಂಗಡಿಗೆ ಹೋಗಿ, ನಿಗದಿಯಾದ ದರಕ್ಕೆ ಕೂಪನ್ ಮೇಲೆಯೇ ಮಾರಾಟವಾಗಬೇಕು. ನಿಮ್ಮ ಹಿತ್ತಿಲಿನ ಹಣ್ಣು, ನೀವೇ ಬಿಡಿಸಿದ್ದು, ನೀವೇ ಬೇಯಿಸಿದ್ದು, ಬೆರಳು ಸುಟ್ಟದ್ದೂ ನಿಮ್ಮದೇ; ಆದರೆ ಮನೆಗೆ ಒಂದು ಶೀಸೆ ಒಯ್ಯುವಂತಿಲ್ಲ. ಬೇಕಾದರೆ ಎಲ್ಲರ ಹಾಗೆ ಅಂಗಡಿಯ ಸಾಲಿನಲ್ಲಿ ನಿಂತು ಕೊಂಡುಕೊಳ್ಳಿ. ಮೇಲೆ ಇನ್‌ಸ್ಪೆಕ್ಟರುಗಳು ಬಂದು ಶೀಸೆ ಎತ್ತಿ ಬೆಳಕಿಗೆ ಹಿಡಿದು, ಗಟ್ಟಿಯಾಗಿದೆಯೇ, ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡುವುದು. ನಲವತ್ತು ವರ್ಷ ಜಾಮ್ ಮಾಡಿದ ಮುದುಕಿಗೆ ಮೂವತ್ತು ವರ್ಷದ ಇನ್‌ಸ್ಪೆಕ್ಟರು ‘ಇದು ಹದ ತಪ್ಪಿದೆ’ ಅಂದರೆ ಏನಾಗಬಹುದೋ ಅದು ಅಲ್ಲೂ ಆಗಿರಬೇಕು. ಎಷ್ಟೋ ಜನ ಬೇಸತ್ತು ಬಿಟ್ಟರು, ಇನ್ನೆಷ್ಟೋ ಜನ ಗೊಣಗಿಕೊಂಡೇ ಕಾಯಿಸಿದರು. ನನಗಂತೂ ಗೊಣಗಿದವರ ಮೇಲೇ ಹೆಚ್ಚು ಗೌರವ. ಕುದಿಯುವಾಗ ಮೇಲೆ ಬಂದ ನೊರೆ, ಪಾತ್ರೆಯ ತಳದಲ್ಲಿ ಬಳಿದದ್ದು, ಹದ ನೋಡಿದ ತಟ್ಟೆಯ ಮೇಲಿನ ತೊಟ್ಟು, ಇವೆಲ್ಲ ಯಾವ ಲೆಕ್ಕಕ್ಕೆ ಸೇರುತ್ತಿದ್ದವು? ತುಸು ಬ್ರೆಡ್ಡು ಜೊತೆಗಿದ್ದರೆ ಆ ಲೆಕ್ಕ ಸ್ಥಳದಲ್ಲೇ ಚುಕ್ತಾ ಆಗಿರಬೇಕು.

ಅಮೆರಿಕದವರದು ಇನ್ನೊಂದು ಬಗೆ. 1942ರಲ್ಲಿ ಜಪಾನ್ ಫಿಲಿಪ್ಪೀನ್ಸನ್ನು ಹಿಡಿದಾಗ ಅಲ್ಲಿನ ಸಕ್ಕರೆ ನಿಂತುಹೋಯಿತು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದಲ್ಲೂ ರೇಷನ್ ಪುಸ್ತಕ ಬಂತು. ಹಣ್ಣನ್ನು ಶೀಸೆಗೆ ತುಂಬಿಡುವವರಿಗೆ ನಾಲ್ಕು ಕ್ವಾರ್ಟ್ ಹಣ್ಣಿಗೆ ಒಂದು ಪೌಂಡು ಸಕ್ಕರೆ, ಜಾಮಿಗೆಂದು ತಲೆಗೆ ವರ್ಷಕ್ಕೆ ಮತ್ತೊಂದು ಪೌಂಡು. ಅರ್ಜಿ ಹಾಕಬೇಕಾದದ್ದು ಊರಿನ ರೇಷನ್ ಮಂಡಳಿಗೆ, ಅದರಲ್ಲಿ ಕೂರುತ್ತಿದ್ದವರು ಊರಿನವರೇ. ಹೊರಗಿನ ಗುಮಾಸ್ತನಿಗೆ ಇಲ್ಲದ ಗಿಡ ತೋರಿಸಬಹುದು. ನಿಮ್ಮ ಬೇಲಿಯ ಆಚೆ ಕೂತವನಿಗೆ ನಿಮ್ಮ ಪೀಚ್ ಮರ ಹೋದ ವರ್ಷವೇ ಒಣಗಿದ್ದು ಗೊತ್ತಲ್ಲ!

ಸಕ್ಕರೆ ಸಿಗದಿದ್ದವರು ಕೈಕಟ್ಟಿ ಕೂರಲಿಲ್ಲ. ಗ್ಲಾಸ್ಟರ್‌ಶೈರಿನ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬಲ್ಲಿ ಹಣ್ಣು ತರಕಾರಿ ಕೆಡದಂತೆ ಇಡುವ ಸಂಶೋಧನಾ ಕೇಂದ್ರವಿತ್ತು. ಅಲ್ಲಿಂದ ಬಂದದ್ದು ಕ್ಯಾಂಪ್ಡನ್ ಮಾತ್ರೆ. ಅದನ್ನು ನೀರಿನಲ್ಲಿ ಕರಗಿಸಿ ಹಣ್ಣಿನ ಮೇಲೆ ಹೊಯ್ದರೆ ಗಂಧಕದ ಅನಿಲ ಹಣ್ಣನ್ನು ಕಾಯುತ್ತದೆ. ಸಕ್ಕರೆ ಬಂದಾಗ ಕುದಿಸಿ ಆ ಘಾಟನ್ನು ಓಡಿಸಿದರಾಯಿತು. ಕಿಲ್ನರ್ ಶೀಸೆಗಳಲ್ಲಿ ಹಣ್ಣನ್ನು ಬರೀ ನೀರಿನಲ್ಲಿ ಕುದಿಸಿ ಮುಚ್ಚಿಡುವುದೂ ಇತ್ತು. ಆದರೆ 1942ರಲ್ಲಿ ಮಲಯ ಕೈತಪ್ಪಿದ ಮೇಲೆ ಅಲ್ಲಿನ ರಬ್ಬರೂ ಹೋಯಿತು, ಮುಚ್ಚಳದ ರಬ್ಬರ್ ಉಂಗುರಕ್ಕೂ ಬರ. ಕಿತ್ತಳೆ ಅಪರೂಪವಾದ್ದರಿಂದ ಶಾಲೆಯ ಮಕ್ಕಳು ಬೇಲಿಯ ಕಾಡುಗುಲಾಬಿಯ ಕಾಯಿಗಳನ್ನು ಟನ್ನುಗಟ್ಟಲೆ ಆರಿಸಿದರು; ಅದರ ಸಿರಪ್ ವಿಟಮಿನ್ ಸಿ ಎಂದು ಕೂಸುಗಳ ಬಾಯಿಗೆ ಹೋಯಿತು. ಕ್ಯಾರೆಟ್ಟಿನಿಂದ ಜಾಮ್ ಮಾಡಿದರು. ಮ್ಯಾರೋ ಎಂಬ ಕುಂಬಳದ ಜಾತಿಯ ಕಾಯಿಗೆ ಶುಂಠಿ ಹಾಕಿ ಜಾಮ್ ಮಾಡಿದರು. ತರಕಾರಿಯಲ್ಲಿ ಜಾಮೇ ಎಂದು ನಗುವ ಹಕ್ಕು ನಮಗಿಲ್ಲ, ಬೂದುಗುಂಬಳವನ್ನು ಕಾಶಿ ಹಲ್ವ ಮಾಡಿ ಮದುವೆ ಎಲೆಗೆ ಬಡಿಸುವವರು ನಾವು.

ಯುದ್ಧ ಮುಗಿಯಿತು, ರೇಷನ್ ಮುಗಿಯಲಿಲ್ಲ. 1946ರಲ್ಲಿ ಬ್ರಿಟಿಷ್ ಕೌನ್ಸಿಲ್, ಇಂಗ್ಲಿಷ್ ಅಡುಗೆಯ ಮೇಲೊಂದು ಪ್ರಬಂಧ ಬೇಕೆಂದು ಜಾರ್ಜ್ ಆರ್ವೆಲ್‌ರನ್ನು ಕೇಳಿತು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ, ಮುಂದೆ ಸರ್ವಾಧಿಕಾರದ ಬಗ್ಗೆ ಬರೆದು ಜಗತ್ತನ್ನೇ ಹೆದರಿಸಿದ ಆ ಆರ್ವೆಲ್ಲೇ. ಅವರು ಬರೆದುಕೊಟ್ಟ ಪ್ರಬಂಧದಲ್ಲಿ ಕಿತ್ತಳೆ ಮಾರ್ಮಲೇಡಿನ ವಿಧಾನವೂ ಇತ್ತು: ಎರಡು ಸೆವಿಲ್ ಕಿತ್ತಳೆ, ಎರಡು ಸಿಹಿ ಕಿತ್ತಳೆ, ಎರಡು ನಿಂಬೆ, ಎಂಟು ಪೌಂಡು ಸಕ್ಕರೆ, ಎಂಟು ಪೈಂಟು ನೀರು. ಎಂಟು ಪೌಂಡು ಎಂದರೆ ಅಂದಿನ ಲೆಕ್ಕದಲ್ಲಿ ಒಬ್ಬನ ಹದಿನಾರು ವಾರದ ಪಡಿ! ಕಟ್ಟುನಿಟ್ಟಿನ ರೇಷನ್ ಇರುವಾಗ ಇಂಥದ್ದನ್ನು ಅಚ್ಚುಹಾಕಿಸುವುದು ಉಚಿತವಲ್ಲವೆಂದು ಕೌನ್ಸಿಲ್ಲಿನವರು ಪ್ರಬಂಧವನ್ನು ಹಿಂದಕ್ಕೆ ಕಳಿಸಿದರು. ಅದಿರಲಿ, ಸಂಪಾದಕರು ಮಾರ್ಮಲೇಡಿನ ಪಕ್ಕ ಇದು ಕೆಟ್ಟ ವಿಧಾನ, ಸಕ್ಕರೆ ನೀರು ಎರಡೂ ಅತಿಯಾಯಿತು ಎಂದೂ ಷರಾ ಬರೆದರು. 2019ರಲ್ಲಿ ಕೌನ್ಸಿಲ್ ಕ್ಷಮೆ ಕೇಳಿ ಪ್ರಬಂಧ ಪ್ರಕಟಿಸಿತು. ಪ್ರಬಂಧ ತಿರಸ್ಕರಿಸಿದ್ದಕ್ಕೆ ಕ್ಷಮೆ ಕೇಳಿದ್ದು ಸರಿ, ಆದರೆ ಮಾರ್ಮಲೇಡಿನ ವಿಷಯದಲ್ಲಿ ಸಂಪಾದಕರ ಮಾತನ್ನು ತೆಗೆದುಹಾಕುವ ಹಾಗಿಲ್ಲ. ಆರು ಹಣ್ಣಿಗೆ ಎಂಟು ಪೌಂಡು ಸಕ್ಕರೆ ಸುರಿದರೆ ಬರುವುದು ಪಾಕವೇ ಹೊರತು ಮಾರ್ಮಲೇಡ್ ಅಲ್ಲ.

ಅದೇ ದಿನಗಳ ಇನ್ನೊಬ್ಬ ದೊಡ್ಡ ಲೇಖಕ ಈವ್ಲಿನ್ ವಾ. ಯುದ್ಧದ ಉದ್ದಕ್ಕೂ ಕಾಣದಿದ್ದ ಬಾಳೆಹಣ್ಣು ಮರಳಿ ಬಂದಾಗ ಮಕ್ಕಳಿಗೆ ತಲೆಗೊಂದರಂತೆ ಕೊಟ್ಟರು. ವಾ ಅವರ ಮನೆಗೆ ಮೂರು ಮಕ್ಕಳ ಪಾಲಿನ ಮೂರು ಹಣ್ಣು ಬಂದವು. ತಂದೆಯವರು ಮೂರನ್ನೂ ತಮ್ಮ ತಟ್ಟೆಗೆ ಹಾಕಿಕೊಂಡು, ಮೇಲೆ ಕೆನೆ ಹೊಯ್ದು, ರೇಷನ್ ಸಕ್ಕರೆ ಧಾರಾಳವಾಗಿ ಉದುರಿಸಿಕೊಂಡು, ಮಕ್ಕಳ ಕಣ್ಣೆದುರೇ ತಿಂದು ಮುಗಿಸಿದರು. ದೊಡ್ಡವನಾದ ಮೇಲೆ ಮಗ ಆಬರಾನ್ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದ. ಆಮೇಲೆ ತಂದೆಯ ಯಾವ ಉಪದೇಶವನ್ನೂ ತಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೆಂದೂ ಸೇರಿಸಿದ. ಆಹಾರ ಖಾತೆಯವರು ಮಲಗಿದರೂ ಎದ್ದರೂ ಹೆದರುತ್ತಿದ್ದದ್ದು ಇಂಥ ಯಜಮಾನರಿಗೇ ಇರಬೇಕು.

1949ರ ಏಪ್ರಿಲಿನಲ್ಲಿ ಮಿಠಾಯಿಯ ಮೇಲಿನ ರೇಷನ್ ತೆಗೆದು ನೋಡಿದರು. ಜನ ಅಂಗಡಿಗಳನ್ನು ಎಷ್ಟು ಚೊಕ್ಕಟವಾಗಿ ಬರಿದು ಮಾಡಿದರೆಂದರೆ ಆಗಸ್ಟಿನಲ್ಲಿ ಮತ್ತೆ ಹೇರಬೇಕಾಯಿತು. ಮಿಠಾಯಿ ಕಡೆಗೂ ಬಿಡುಗಡೆಯಾದದ್ದು 1953ರ ಫೆಬ್ರವರಿಯಲ್ಲಿ, ಸಕ್ಕರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಬಿಟ್ಟ ಮೇಲೆ ಜನ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಇದನ್ನೇ ಹಿಡಿದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ರೇಷನ್ ಇದ್ದಾಗ ತಾಯಿಯ ಗರ್ಭದಲ್ಲಿದ್ದು, ಮೊದಲೆರಡು ವರ್ಷವನ್ನೂ ಅದೇ ರೇಷನ್ನಿನಲ್ಲಿ ಕಳೆದವರಿಗೆ, ಸ್ವಲ್ಪ ತಡವಾಗಿ ಹುಟ್ಟಿ ಸಕ್ಕರೆ ಕಂಡವರಿಗಿಂತ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಸುಮಾರು ಶೇಕಡ 35ರಷ್ಟು ಕಡಿಮೆಯಂತೆ. ಹುಟ್ಟಿದ ತಾರೀಖು ನೋಡಿ ಜನರನ್ನು ಎರಡು ಗುಂಪು ಮಾಡಿ ಹೋಲಿಸಿದ ಲೆಕ್ಕ ಅದು. ಸೆಪ್ಟೆಂಬರಿನ ಈಚೆಗೆ ಹುಟ್ಟಿದರೆ ಸಕ್ಕರೆ ಇತ್ತು, ಆಚೆಗೆ ಹುಟ್ಟಿದರೆ ಎಂಟೋ ಹತ್ತೋ ಔನ್ಸ್. ಜಾಮಿಗೆಂದು ಬರೆಸಿಕೊಂಡು ಹಾಲಿನ ಬಟ್ಟಲಿಗೆ ಹಾಕಿದ ಸಕ್ಕರೆಗೆ ಅದರಲ್ಲಿ ಕಾಲಂ ಎಲ್ಲಿಂದ ಬರಬೇಕು? ಬರೆಸಿಕೊಂಡ ತಾಯಂದಿರು ಆವತ್ತೂ ಬಾಯಿಬಿಟ್ಟವರಲ್ಲ.